ಬೀಗದಕೈ ಗೊಂಚಲು

ಮನೆಯ ಯಜಮಾನಿಕೆ ಯಾರದೆಂದು ತಿಳಿಯಬೇಕಾದರೆ ಬೀಗದಕೈ ಗೊಂಚಲು ಯಾರ ಸೊಂಟದಲ್ಲಿದೆ ನೋಡಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅವರ ಗೊಂಚಲಿನ ಸದ್ದು ಕೇಳಿದರೆ ಸೊಸೆಯಂದಿರು ಮಾತು ನಿಲ್ಲಿಸುತ್ತಿದ್ದರಂತೆ. ನನ್ನ ಕಾಲಕ್ಕೆ ಗೊಂಚಲು ಸೊಂಟದಿಂದ ಇಳಿದು ಕೈಚೀಲಕ್ಕೆ ಬಂತು, ಕಾರು ಕೊಂಡ ಮೇಲೆ ಕೈಚೀಲದಿಂದ ಕಾರಿಗೆ ಹೋಯಿತು. ಮನೆಯ ಮುಂಬಾಗಿಲು, ಹಿತ್ತಿಲ ಬಾಗಿಲು, ಗೇಟು, ಗಾಡ್ರೇಜ್ ಬೀರು, ಶಾಲೆಯ ಕಚೇರಿ, ಅಲ್ಲಿನ ಎರಡು ಅಲ್ಮೆರಾ, ಬಿಸಿಯೂಟದ ದಾಸ್ತಾನು ಕೋಣೆ, ವಿಜ್ಞಾನದ ಸಾಮಾನಿನ ಪೆಟ್ಟಿಗೆ, ಅಪ್ಪನ ಹಿತ್ತಾಳೆ ಬೀಗ, ಕೊನೆಗೆ ಕಾರು. ಒಟ್ಟು 11 ಕೈಗಳು. ಅದನ್ನು ಕಾರಿಗೆ ಸಿಕ್ಕಿಸಿ ತಿರುಗಿಸಿದಾಗ ಉಳಿದ ಹತ್ತೂ ಸ್ಟೀರಿಂಗಿನ ಕೆಳಗೆ ದ್ರಾಕ್ಷಿಗೊಂಚಲಿನಂತೆ ತೂಗಾಡುತ್ತಿದ್ದವು. ನನಗೂ ಅದೊಂದು ಸಣ್ಣ ಯಜಮಾನಿಕೆಯೇ ಆಗಿತ್ತು.

ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಪ್ರತಿಭಾ ಕಾರಂಜಿ ಸ್ಪರ್ಧೆಗೆಂದು ನಾಲ್ವರು ಹುಡುಗಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಕೆ.ಜಿ.ಎಫ್.ನಿಂದ ಕೋಲಾರಕ್ಕೆ ಹೊರಟಿದ್ದೆ. ಬಂಗಾರಪೇಟೆ ದಾಟಿದ ಮೇಲೆ ರಸ್ತೆಯಲ್ಲಿ ಒಂದು ಗುಂಡಿ. ಗಾಡಿ ಕುಲುಕಿತು, ಗೊಂಚಲು ಝಲ್ಲೆಂದಿತು, ಎಂಜಿನ್ ನಿಂತುಹೋಯಿತು. ಗಾಡಿ ಓಡುತ್ತಲೇ ಇದೆ, ಎಂಜಿನ್ ಮಾತ್ರ ಇಲ್ಲ. ಬ್ರೇಕು ಒತ್ತಿದರೆ ಮೊದಲ ಸಲ ಹಿಡಿಯಿತು, ಬಿಟ್ಟು ಮತ್ತೆ ಒತ್ತಿದರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಹಿಂದೆ ಜಲ್ಲಿ ತುಂಬಿದ ಲಾರಿ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಹೇಗೋ ಎಡಕ್ಕೆಳೆದು ಮಣ್ಣಿನ ಮೇಲೆ ನಿಲ್ಲಿಸಿದೆ. ಲಾರಿ ನಮ್ಮನ್ನು ಸವರಿಕೊಂಡಂತೆ ದಾಟಿ ಹೋಯಿತು. ಹುಡುಗಿಯರು ಭಾವಗೀತೆಯ ಅಭ್ಯಾಸದಲ್ಲಿದ್ದರು. ಅವರಲ್ಲೊಬ್ಬಳು, "ಯಾಕೆ ಮಿಸ್, ನಿಲ್ಲಿಸಿದ್ರಿ?" ಎಂದಳು. ಕೀ ತಿರುಗಿಸಿದೆ. ಏನೂ ಆಗಿಲ್ಲವೆಂಬಂತೆ ಎಂಜಿನ್ ಹತ್ತಿಕೊಂಡಿತು. "ಏನಿಲ್ಲ, ಹಾಡಿ" ಎಂದೆ.

ಏನಿಲ್ಲ ಎಂದದ್ದು ಸುಳ್ಳು. ಕಾರಣ ನನಗೆ ಗೊತ್ತಿತ್ತು. ಮೂರು ವಾರದ ಹಿಂದಷ್ಟೇ ಆ ಕಾರಿನ ಇಗ್ನಿಷನ್ ಸ್ವಿಚ್ ಬದಲಾಯಿಸಿದ್ದೆ. ಕೀ ಅಲುಗಾಡಿಸಿದರೆ ಮಾತ್ರ ಗಾಡಿ ಹತ್ತಿಕೊಳ್ಳುತ್ತಿತ್ತು. ಮೀಟರಿನ ದೀಪಗಳು ಮಿಣುಕುತ್ತಿದ್ದವು. ನಮ್ಮ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ಅವನು ಒಳ್ಳೆಯ ಸ್ವಿಚ್ ತರಿಸುತ್ತೇನೆ, ಎರಡು ದಿನ ಕಾಯಿರಿ ಎಂದಿದ್ದ. ಮೂರರಲ್ಲೊಂದು ಪಾಲು ಬೆಲೆಗೆ ಡೂಪ್ಲಿಕೇಟ್ ಸಿಗುತ್ತದೆಂದು ತಿಳಿದು, "ಅದನ್ನೇ ಹಾಕಪ್ಪ, ಹಳೇ ಗಾಡಿಗೆ ಇಷ್ಟು ಸಾಕು" ಎಂದವಳು ನಾನೇ. ಮೇಷ್ಟರ ಮಾತು ಮೀರಬಾರದೆಂದು ಅವನು ಹಾಕಿಕೊಟ್ಟ. ಉಳಿಸಿದ ಹಣಕ್ಕೆ ಎದುರಾಗಿ ಆ ದಿನ ತಕ್ಕಡಿಯಲ್ಲಿ ಕೂತಿದ್ದವರು ಬೇರೆಯವರ ನಾಲ್ಕು ಮಕ್ಕಳು.

ನನ್ನಂಥವಳಿಗೆ ಇದು ಗೊತ್ತಾಗಬಾರದ ವಿಷಯವೇನಲ್ಲ. ಸ್ವಿಚ್ಚಿನ ಇತಿಹಾಸದಲ್ಲಿ ನಮ್ಮೂರಿಗೆ ದೊಡ್ಡ ಹೆಸರಿದೆ. ಅದನ್ನು ಮೂವತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಲೂ ಇದ್ದೇನೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿ ಕಾಲಿಟ್ಟ ಮೇಲೆ ಗಣಿಗಳು ಆಳಕ್ಕಿಳಿಯುತ್ತಾ ಹೋದವು. ತೊಟ್ಟಿಲು ಎಳೆಯಲು, ನೀರೆತ್ತಲು, ಕಲ್ಲು ಕುಟ್ಟಲು ಎಲ್ಲಕ್ಕೂ ಉಗಿಯಂತ್ರ, ಅದಕ್ಕೆ ಸೌದೆ, ಕಲ್ಲಿದ್ದಲು. ಆ ಸೌದೆಯ ಹಸಿವು ತೀರುವಂಥದ್ದಾಗಿರಲಿಲ್ಲ. ಕಾವೇರಿ ಶಿವನಸಮುದ್ರದಲ್ಲಿ ಧುಮುಕುವ ಬಲವನ್ನು ಇಲ್ಲಿಗೆ ತರಬಹುದೆಂಬ ಯೋಜನೆಯನ್ನು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕೈಗೆತ್ತಿಕೊಂಡರು. ಕೆನಡಾ ಮೂಲದ ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೇರ್ ಅದನ್ನು ಕಟ್ಟಿ ನಿಲ್ಲಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್, ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಗಳಿಂದ ಯಂತ್ರಗಳು ಬಂದವು. ಸುಮಾರು 147 ಕಿಲೋಮೀಟರ್ ತಂತಿ ಎಳೆದು, 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಶೇಷಾದ್ರಿ ಅಯ್ಯರ್ ಅವರಿಗೆ ಇದನ್ನು ನೋಡುವ ಭಾಗ್ಯವಿರಲಿಲ್ಲ, ಅವರು 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಆ ವಿದ್ಯುತ್ತಿನ ಕೆಲಸದಲ್ಲೇ ನಮ್ಮಪ್ಪ ಗಣಿಯಲ್ಲಿ ಕೂದಲು ಹಣ್ಣು ಮಾಡಿಕೊಂಡರು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಗಂಡಸರು ಕೆಲಸ ಮಾಡುತ್ತಿದ್ದ ಊರು ನಮ್ಮದು. ಗಾಳಿ, ಬೆಳಕು, ತೊಟ್ಟಿಲು, ಪಂಪು ಎಲ್ಲವೂ ಮೇಲಿನ ಸ್ವಿಚ್ಚುಗಳನ್ನು ನಂಬಿಕೊಂಡಿದ್ದವು. ಅಪ್ಪನ ಬಳಿ ತಮ್ಮದೇ ಒಂದು ಹಿತ್ತಾಳೆ ಬೀಗವಿತ್ತು. ಯಾವುದಾದರೂ ಯಂತ್ರಕ್ಕೆ ಕೈಹಾಕುವ ಮೊದಲು ಅದರ ಸ್ವಿಚ್ಚನ್ನು ಆಫ್ ಮಾಡಿ, ಅದಕ್ಕೆ ತಮ್ಮ ಬೀಗ ಜಡಿದು, ಬೀಗದಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿದು ತಾವು ಹೊರಗೆ ಬರುವ ತನಕ ಆ ಕೈ ಇನ್ನೊಬ್ಬರಿಗೆ ಕೊಡುವ ಪ್ರಶ್ನೆಯೇ ಇಲ್ಲ, ದೊಡ್ಡ ಸಾಹೇಬರೇ ಕೇಳಿದರೂ ಇಲ್ಲ. ನಾನು ಚಿಕ್ಕವಳಿದ್ದಾಗ, ಸ್ವಿಚ್ ಎಂದರೆ ದೀಪ ಹತ್ತಿಸುವುದಲ್ಲವೇ ಎಂದು ಕೇಳಿದ್ದೆ. "ಹತ್ತಿಸೋದು ಯಾರ ಕೈಲಾದರೂ ಆಗುತ್ತೆ ಮಗಳೇ. ಆರಬೇಕು ಅಂದಾಗ ಆರಬೇಕು, ಆರಬಾರದು ಅಂದಾಗ ಆರಬಾರದು. ಅದಕ್ಕೆ ಸ್ವಿಚ್ಚು ಅನ್ನೋದು" ಎಂದಿದ್ದರು. ಕೋಲಾರದ ಸ್ಪರ್ಧೆಯ ಸಭಾಂಗಣದಲ್ಲಿ ಕೂತು ನಾನು ಹಾಡು ಕೇಳಲಿಲ್ಲ, ಈ ಮಾತು ಕೇಳುತ್ತಿದ್ದೆ.

ಮೋಟಾರು ಗಾಡಿಯ ಸ್ವಿಚ್ಚಿನ ಕಥೆಯೂ ಇದೇ ಮಾತಿನ ಸುತ್ತ ಬೆಳೆದದ್ದು. ಪೆಟ್ರೋಲ್ ಎಂಜಿನ್ನಿಗೆ ಗಾಳಿ, ಪೆಟ್ರೋಲು ಎರಡೂ ಇದ್ದರೆ ಸಾಲದು, ಸರಿಯಾದ ಗಳಿಗೆಯಲ್ಲಿ ಕಿಡಿ ಬೇಕು. ಆ ಕಿಡಿಗೇ ಇಗ್ನಿಷನ್ ಎನ್ನುವುದು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ 1886ರಲ್ಲಿ ಪೇಟೆಂಟ್ ಪಡೆದಾಗ ಅದರಲ್ಲಿ ಬ್ಯಾಟರಿಯಿಂದ ಕಿಡಿ ಹಾರಿಸುವ ಏರ್ಪಾಡಿತ್ತು. ಆದರೆ ಆ ಗಾಡಿ ದೂರ ಹೋಗಬಲ್ಲದು ಎಂದು ಲೋಕಕ್ಕೆ ತೋರಿಸಿದವಳು ಅವನ ಹೆಂಡತಿ ಬರ್ತಾ ಬೆಂಜ್. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೊರಟೇಬಿಟ್ಟಳು. ದಾರಿಯಲ್ಲಿ ಪೆಟ್ರೋಲಿನ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳಂತೆ. ಇಗ್ನಿಷನ್ ತಂತಿ ಸವೆದು ಲೋಹಕ್ಕೆ ತಾಗಿದಾಗ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದಳಂತೆ. ಇಗ್ನಿಷನ್ ರಿಪೇರಿಯ ಇತಿಹಾಸದ ಮೊದಲ ಪುಟದಲ್ಲೇ ಮಕ್ಕಳನ್ನು ಕೂರಿಸಿಕೊಂಡ ತಾಯಿಯೊಬ್ಬಳಿದ್ದಾಳೆ. ಅವಳು ತಂತಿಯನ್ನು ಆಗಲೇ ಸರಿಮಾಡಿದಳು, ಏನಿಲ್ಲ ಎನ್ನಲಿಲ್ಲ.

ಮುಂದೆ ಜರ್ಮನಿಯ ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೊಲ್ಡ್ ಎಂಬ ಎಂಜಿನಿಯರ್ ಸ್ಪಾರ್ಕ್ ಪ್ಲಗ್ ಸಹಿತವಾದ ಹೈವೋಲ್ಟೇಜ್ ಮ್ಯಾಗ್ನೆಟೊ ರೂಪಿಸಿದ. ಅದಕ್ಕೆ ಪೇಟೆಂಟ್ ಸಿಕ್ಕಿದ್ದೂ 1902ರಲ್ಲೇ, ನಮ್ಮೂರಿಗೆ ವಿದ್ಯುತ್ ಬಂದ ವರ್ಷವೇ. ಅದೇ ಬಾಷ್ ಕಂಪನಿಯ ನಂಟಿನಿಂದ 1951ರಲ್ಲಿ ಶುರುವಾದ ಮೈಕೋ ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ಮಾಡಿತು. ನಮ್ಮ ಕಡೆಯ ಹಳಬರು ಇಂದಿಗೂ ಪ್ಲಗ್ಗಿಗೆ "ಮೈಕೋ ಪ್ಲಗ್" ಎಂದೇ ಹೇಳುತ್ತಾರೆ.

ಮ್ಯಾಗ್ನೆಟೊ ಗಾಡಿಗಳಲ್ಲಿ ಒಂದು ಸೋಜಿಗವಿದೆ. ಎಂಜಿನ್ ತಿರುಗಿದರೆ ಕಿಡಿ ತಾನೇ ಹುಟ್ಟುತ್ತದೆ, ಬ್ಯಾಟರಿಯ ಹಂಗಿಲ್ಲ. ಹಾಗಾಗಿ ಅಲ್ಲಿ ಸ್ವಿಚ್ಚಿನ ಕೆಲಸ ಹತ್ತಿಸುವುದಲ್ಲ, ಆರಿಸುವುದು ಮಾತ್ರ. ಆಫ್ ಮಾಡಿದಾಗ ತಂತಿ ಬಿಟ್ಟುಕೊಳ್ಳುವುದಿಲ್ಲ, ಬದಲಿಗೆ ಗಾಡಿಯ ಮೈಗೆ ಸೇರಿ ಕಿಡಿಯನ್ನು ನುಂಗಿಬಿಡುತ್ತದೆ. ಹಳೆಯ ಸ್ಕೂಟರುಗಳ ಗುಂಡಿ ಇಂಥದ್ದು. ಅಂಥ ಗಾಡಿಯ ಸ್ವಿಚ್ ಕೆಟ್ಟರೆ ಕೀ ಕಿತ್ತುಕೊಂಡರೂ ಎಂಜಿನ್ ಓಡುತ್ತಲೇ ಇರಬಹುದು. ಬ್ಯಾಟರಿ ಮತ್ತು ಕಾಯಿಲ್ ಇರುವ ಕಾರುಗಳಲ್ಲಿ ಇದು ತಿರುಗುಮುರುಗು. ಸ್ವಿಚ್ ಒಂದು ಗಳಿಗೆ ಕೈಬಿಟ್ಟರೂ ಕಿಡಿ ನಿಲ್ಲುತ್ತದೆ. ಒಂದು ಆರಬೇಕಾದಾಗ ಆರುವುದಿಲ್ಲ, ಇನ್ನೊಂದು ಆರಬಾರದಾಗ ಆರುತ್ತದೆ.

ಕಿಡಿ ಇದ್ದರೂ ಎಂಜಿನ್ನನ್ನು ಮೊದಲೊಮ್ಮೆ ಯಾರಾದರೂ ತಿರುಗಿಸಬೇಕಲ್ಲ? ಅದಕ್ಕೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ನಮ್ಮ ಬಾಲ್ಯದಲ್ಲಿ ಬಸ್ಸಿನ ಕ್ಲೀನರ್ ಬೆಳಗಿನ ಚಳಿಯಲ್ಲಿ ಹ್ಯಾಂಡಲ್ ಹೊಡೆಯುವುದನ್ನು ನಿಂತು ನೋಡುತ್ತಿದ್ದೆವು. ತಿರುಗಿಸಿದ ಹ್ಯಾಂಡಲ್ ಕೆಲವು ಸಲ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುತ್ತಿತ್ತು. ಇದನ್ನು ತಪ್ಪಿಸುವ ವಿದ್ಯುತ್ ಸೆಲ್ಫ್ ಸ್ಟಾರ್ಟರನ್ನು 1911ರಲ್ಲಿ ರೂಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಅವನು ಎಂಜಿನಿಯರ್ ಆಗುವ ಮೊದಲು ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದ ಎಂಬುದು ನನಗೆ ಹೆಮ್ಮೆಯ ಸಂಗತಿ. ತೋಳ್ಬಲವಿಲ್ಲದವರೂ ಗಾಡಿ ಓಡಿಸಬಹುದಾಯಿತು. ಹೆಂಗಸರ ಕೈಗೆ ಗಾಡಿ ಬಂದದ್ದರಲ್ಲಿ ಸೆಲ್ಫಿನ ಪಾಲು ದೊಡ್ಡದು. ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಸೆಲ್ಫ್ ಇರುವ ಸ್ಕೂಟರುಗಳು ಬಂದಾಗ, ಸೀರೆಯುಟ್ಟು ಕಿಕ್ ಹೊಡೆಯುವ ಪಾಡು ತಪ್ಪಿತೆಂದು ನಾವು ಟೀಚರುಗಳು ಎಷ್ಟು ಹಿಗ್ಗಿದ್ದೆವು! ಆದರೂ ಬಹಳ ಕಾಲ ಕಾರುಗಳಲ್ಲಿ ಕಿಡಿಗೆ ಕೀ ಬೇರೆ, ಸೆಲ್ಫಿಗೆ ಗುಂಡಿ ಬೇರೆ ಇದ್ದವು. ಎರಡನ್ನೂ ಒಂದೇ ಕೀಗೆ ಸೇರಿಸಿ, ತಿರುಗಿಸಿದರೆ ಹತ್ತಿಕೊಳ್ಳುವಂತೆ ಮಾಡಿದ್ದು ಅಮೆರಿಕದ ಕ್ರೈಸ್ಲರ್ ಕಂಪನಿ, 1949ರಲ್ಲಿ. ಕಳ್ಳರಿಗೆ ಕಷ್ಟವಾಗಲೆಂದು ಸ್ಟೀರಿಂಗಿನ ಬೀಗವನ್ನೂ ಅದೇ ಕೀಗೆ ಗಂಟುಹಾಕಿದ್ದು ಆಮೇಲೆ. ಹೀಗೆ ಒಂದೊಂದಾಗಿ ಎಲ್ಲ ಭಾರವೂ ಒಂದೇ ಕೀಯ ಮೇಲೆ ಬಂತು. ಅದರ ಜೊತೆಗೆ ನಮ್ಮ ಮನೆ, ಶಾಲೆ, ಬೀರುಗಳ ಭಾರ ಹಾಕಿದವರು ನಾವು.

ಕೋಲಾರದಿಂದ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದೆ. ಕಾರನ್ನು ಮರುದಿನ ಮೆಕ್ಯಾನಿಕ್ ಹೋಗಿ ಎಳೆಸಿಕೊಂಡು ಬಂದ. ಅವನ ತಂದೆಯೂ ಗಣಿಯಲ್ಲಿದ್ದವರು. ಅವನು ನನ್ನ ಮುಂದೆಯೇ ಆ ಮೂರು ವಾರದ ಸ್ವಿಚ್ಚನ್ನು ಬಿಚ್ಚಿದ. ಒಳಗಿನ ತಾಮ್ರದ ತಗಡು ಎಲೆಯಷ್ಟು ತೆಳ್ಳಗಿತ್ತು, ಸೇರುವ ಜಾಗದಲ್ಲಿ ಕಿಡಿ ಹಾರಿ ಕಪ್ಪಾಗಿತ್ತು. ಪಕ್ಕದ ಪ್ಲಾಸ್ಟಿಕ್ ಕರಗಿ ಸೊಟ್ಟಗಾಗಿತ್ತು. "ಇದು ಸ್ವಿಚ್ಚಾ ಮಿಸ್? ಜಾತ್ರೆ ಸಾಮಾನು" ಎಂದ. ಆಮೇಲೆ ನನ್ನ ಗೊಂಚಲನ್ನು ಅಂಗೈ ಮೇಲಿಟ್ಟು ತೂಗಿದ. "ಒಳ್ಳೆ ಸ್ವಿಚ್ ಹಾಕ್ತೀನಿ. ಆದರೆ ಇದನ್ನ ನೇತು ಹಾಕಿದ್ರೆ ಅದೂ ಬಾಳಲ್ಲ."

ಅದನ್ನು ಕೇಳಿ ನಾನು ನಕ್ಕೆ. ಆಮೇಲೆ ಓದಿದಾಗ ನಗು ಹೋಯಿತು. ಅಮೆರಿಕದ ಜನರಲ್ ಮೋಟರ್ಸ್ 2014ರಲ್ಲಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ವಾಪಸು ಕರೆಯಬೇಕಾಯಿತು. ಕೀಯನ್ನು ಆನ್ ಜಾಗದಲ್ಲಿ ಹಿಡಿದು ನಿಲ್ಲಿಸುವ ಒಳಗಿನ ಸ್ಪ್ರಿಂಗಿಗೆ ಬೇಕಾದಷ್ಟು ಬಲವಿರಲಿಲ್ಲ. ಗೊಂಚಲಿನ ಭಾರಕ್ಕೋ, ರಸ್ತೆಯ ಕುಲುಕಿಗೋ, ಮೊಣಕಾಲು ತಾಗಿದ್ದಕ್ಕೋ ಕೀ ಹಿಂದಕ್ಕೆ ಜಾರಿದರೆ ಓಡುವ ಗಾಡಿಯ ಎಂಜಿನ್ ನಿಲ್ಲುತ್ತಿತ್ತು. ಅದರೊಂದಿಗೆ ಏರ್‌ಬ್ಯಾಗಿಗೆ ಹೋಗುವ ವಿದ್ಯುತ್ತೂ ನಿಲ್ಲುತ್ತಿತ್ತು. ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕಂಪನಿಯೇ ಏರ್ಪಡಿಸಿದ ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಒಪ್ಪಿಕೊಂಡಿತು. 2006ರ ಹೊತ್ತಿಗೆ ಸ್ವಿಚ್ಚನ್ನು ಒಳಗೊಳಗೇ ಸುಧಾರಿಸಿದ್ದರೂ ಅದರ ಪಾರ್ಟ್ ನಂಬರನ್ನು ಬದಲಾಯಿಸಿರಲಿಲ್ಲ. ಯಾವುದು ಹಳೆಯದು, ಯಾವುದು ಹೊಸದು ಎಂದು ತನಿಖೆ ಮಾಡುವವರಿಗೆ ತಿಳಿಯದಂತಾಯಿತು. ದುರಸ್ತಿಯಾಗುವ ತನಕ ಗ್ರಾಹಕರಿಗೆ ಕಂಪನಿ ಕೊಟ್ಟ ಸಲಹೆ ನಮ್ಮ ಹುಡುಗ ಹೇಳಿದ್ದೇ: ಗೊಂಚಲಿನಿಂದ ಎಲ್ಲವನ್ನೂ ತೆಗೆದು ಬರೀ ಕಾರಿನ ಕೀ ಇಟ್ಟುಕೊಳ್ಳಿ.

ಎರಡನೆಯ ಸಲ ಸ್ವಿಚ್ ಆರಿಸುವಾಗ ನಾನು ವಿದ್ಯಾರ್ಥಿನಿಯಾಗಿ ಕೂತೆ. ಕಲಿತದ್ದನ್ನು ಓದುಗರಿಗೂ ಹೇಳುವುದು ನನ್ನ ಋಣ. ಇಗ್ನಿಷನ್ ಸ್ವಿಚ್ ಎಂದು ನಾವು ಕರೆಯುವುದರಲ್ಲಿ ಎರಡು ಭಾಗಗಳಿವೆ. ಮುಂದೆ ಕೀ ಹೋಗುವ ಬೀಗ, ಹಿಂದೆ ತಂತಿಗಳು ಸೇರುವ ವಿದ್ಯುತ್ ಸ್ವಿಚ್. ಕೀ ತಿರುಗಲು ಮೊಂಡು ಹಿಡಿದರೆ ಅಥವಾ ಎಂಜಿನ್ ಓಡುವಾಗಲೇ ಕೈಗೆ ಬಂದುಬಿಟ್ಟರೆ ಕೆಟ್ಟಿರುವುದು ಬೀಗ. ಕೀ ಸಲೀಸಾಗಿ ತಿರುಗಿದರೂ ದೀಪ ಮಿಣುಕಿದರೆ, ಅಲುಗಿಸಿದಾಗ ಎಂಜಿನ್ ಕೆಮ್ಮಿದರೆ, ಹಿಂದಿನ ಕಪ್ಲರ್ ಮುಟ್ಟಿದಾಗ ಬಿಸಿಯಾಗಿದ್ದರೆ ಅನುಮಾನ ವಿದ್ಯುತ್ ಸ್ವಿಚ್ಚಿನ ಮೇಲೆ. ಅನೇಕ ಗಾಡಿಗಳಲ್ಲಿ ಇದೊಂದೇ ಬಿಡಿಯಾಗಿ ಸಿಗುತ್ತದೆ. ಬೀಗವನ್ನೇ ಬದಲಾಯಿಸಿದರೆ ಬಾಗಿಲಿಗೊಂದು ಕೀ, ಎಂಜಿನ್ನಿಗೊಂದು ಕೀ ಆಗುತ್ತದೆ, ಬೇಡವೆಂದರೆ ಇಡೀ ಸೆಟ್ ಕೊಳ್ಳಬೇಕು. ಬ್ಯಾಟರಿಯ ತುದಿ ಸಡಿಲವಾಗಿದ್ದರೂ ಫ್ಯೂಸ್ ಸುಟ್ಟಿದ್ದರೂ ಹೆಚ್ಚುಕಡಿಮೆ ಇದೇ ಲಕ್ಷಣ ಕಾಣಬಹುದು. ಆದ್ದರಿಂದ ಮೊದಲು ಅವುಗಳನ್ನು ನೋಡಿ, ಟೆಸ್ಟ್ ಲ್ಯಾಂಪ್ ಹಿಡಿದು ಸ್ವಿಚ್ಚಿಗೆ ಬರುವ ವಿದ್ಯುತ್ ಸ್ವಿಚ್ಚಿನಿಂದ ಹೊರಗೂ ಹೋಗುತ್ತಿದೆಯೇ ಎಂದು ಪರೀಕ್ಷಿಸಿ ಆಮೇಲೆ ಅಂಗಡಿಗೆ ಹೋಗಬೇಕು.

ಅಂಗಡಿಯಲ್ಲಿ ಕಣ್ಣಳತೆ ನಡೆಯದು. ಒಂದೇ ಮಾದರಿಯ ಕಾರಿಗೂ ವರ್ಷದಿಂದ ವರ್ಷಕ್ಕೆ ಸ್ವಿಚ್ ಬದಲಾಗುತ್ತದೆ. ಗಾಡಿ ತಯಾರಾದ ವರ್ಷ, ಪಾರ್ಟ್ ನಂಬರ್, ಕಪ್ಲರಿನ ಆಕಾರ, ಪಿನ್ನುಗಳ ಸಂಖ್ಯೆ ಎಲ್ಲವೂ ಹೊಂದಬೇಕು. ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಬಂಗಾರಪೇಟೆಯಲ್ಲಿ ಸಿಗದಿದ್ದುದಕ್ಕೆ ನಾನು ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಆ ರೈಲಿನಲ್ಲಿ ನಮ್ಮೂರಿನ ಅರ್ಧ ಜನ ದಿನವೂ ಕೂಲಿಗೆ, ಕಾರ್ಖಾನೆಗೆ, ಕಚೇರಿಗೆ ಹೋಗುತ್ತಾರೆ. ನಾನು ಮಾತ್ರ ಕರವಸ್ತ್ರದಲ್ಲಿ ಸುಟ್ಟ ಸ್ವಿಚ್ ಕಟ್ಟಿಕೊಂಡು ಕೂತಿದ್ದೆ. ಅಂಗಡಿಯವರು ಇಟ್ಟ ಮೂರರಲ್ಲಿ, ಪಾರ್ಟ್ ನಂಬರ್ ಹೊಂದುವ, ತಯಾರಕರ ಗುರುತಿರುವ ಸೀಲು ಒಡೆಯದ ಪೆಟ್ಟಿಗೆಯದನ್ನು, ಬಿಲ್ ಸಮೇತ ಕೊಂಡೆ.

ಜೋಡಿಸುವ ದಿನ ಹುಡುಗ ಮೊದಲು ಮಾಡಿದ ಕೆಲಸ ಬ್ಯಾಟರಿಯ ಮೈನಸ್ ತುದಿ ಬಿಚ್ಚಿದ್ದು. ಅಪ್ಪ ಬೀಗ ಹಾಕುತ್ತಿದ್ದುದೂ ಇದಕ್ಕೇ ಅಲ್ಲವೇ ಎಂದುಕೊಂಡೆ. ಸ್ಟೀರಿಂಗಿನ ಕೆಳಗಿನ ಮುಚ್ಚಳ ತೆಗೆದು, ತಂತಿಗಳ ಬಣ್ಣ ಗುರುತು ಮಾಡಿಕೊಂಡು, ಕಪ್ಲರ್ ಕಳಚಿ, ಹಳೆಯದಕ್ಕೂ ಹೊಸದಕ್ಕೂ ಒಳಗಿನ ತಿರುಗು ಒಂದೇ ಸ್ಥಾನದಲ್ಲಿದೆಯೇ ನೋಡಿ ಕೂರಿಸಿದ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ತಂತಿಗಳ ಚಿತ್ರ ಬರೆದುಕೊಂಡೆ. ಜೋಡಿಸಿದ ಮೇಲೆ ಲಾಕ್, ಆಕ್ಸೆಸರಿ, ಆನ್, ಸ್ಟಾರ್ಟ್ ಎಂಬ ನಾಲ್ಕು ಸ್ಥಾನಗಳನ್ನೂ ಒಂದೊಂದಾಗಿ ಪರೀಕ್ಷಿಸಿದ. ಸ್ಟಾರ್ಟ್‌ನಿಂದ ಕೈಬಿಟ್ಟರೆ ಕೀ ತಾನೇ ಆನ್‌ಗೆ ಮರಳಬೇಕು, ಇಲ್ಲವಾದರೆ ಸೆಲ್ಫ್ ಮೋಟಾರ್ ತಿರುಗುತ್ತಲೇ ಇದ್ದು ಸುಟ್ಟುಹೋಗುತ್ತದೆ. ಆನ್‌ನಲ್ಲಿರುವಾಗ ಕೀ ಹೊರಗೆ ಬರಬಾರದು. ಎಂಜಿನ್ ಓಡುವಾಗ ಕೀ ಅಲುಗಿಸಿದರೂ ಶಬ್ದ ಬದಲಾಗಬಾರದು. ಇದಿಷ್ಟೂ ಹಳೆಯ ಗಾಡಿಗಳ ಮಾತು. ಏರ್‌ಬ್ಯಾಗ್ ಇರುವ, ಕೀಯೊಳಗೆ ಚಿಪ್ ಇರುವ ಹೊಸ ಗಾಡಿಗಳಿಗೆ ಮನೆಯಂಗಳದ ರಿಪೇರಿ ಸಲ್ಲದು, ಬಲ್ಲವರ ಬಳಿಗೇ ಒಯ್ಯಬೇಕು.

ಅವನು ಹೇಳಿದ ಇನ್ನೊಂದು ಕಾರಣ ನಮ್ಮೂರಿಗೇ ಸೇರಿದ್ದು. ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಊರ ತುಂಬ ನಿಂತಿವೆ. ಗಾಳಿಗಾಲದಲ್ಲಿ ಆ ನುಣುಪು ಧೂಳು ಊಟದ ತಟ್ಟೆಯನ್ನೂ ಬಿಡುವುದಿಲ್ಲ, ಕೀಯ ತೂತನ್ನು ಬಿಟ್ಟೀತೇ? ಕೀ ಬಿಗಿಯಾಯಿತೆಂದು ನಾನು ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ. ಎಣ್ಣೆಗೆ ಧೂಳು ಸೇರಿ ಅರೆಯುವ ಹಿಟ್ಟಾಗಿ ಬೀಗವನ್ನು ಸವೆಸುತ್ತಿತ್ತು. "ಎಣ್ಣೆ ಬೇಡ ಮಿಸ್, ಪೆನ್ಸಿಲ್ ಸೀಸ ಕೀ ಮೇಲೆ ಉಜ್ಜಿ, ಸಾಕು" ಎಂದ. ಸೀಸವೆಂದು ನಾವು ಕರೆಯುವುದು ಗ್ರಾಫೈಟು, ಒಣಗಿಯೇ ಜಾರುವಂಥದ್ದು. ಅದೂ ತುಸುವೇ ಇರಬೇಕು, ವಿದ್ಯುತ್ ಹರಿಸುವ ಗುಣ ಅದಕ್ಕಿರುವುದರಿಂದ ಹಿಂದಿನ ಸ್ವಿಚ್ಚಿಗೆ ಇಳಿಯಬಾರದು. ಮೂವತ್ತು ವರ್ಷ ಪೆನ್ಸಿಲ್ ಹಿಡಿದವಳಿಗೆ ಪೆನ್ಸಿಲಿನ ಪಾಠವನ್ನು ಶಿಷ್ಯ ಮಾಡಿದ.

ಓಡುವಾಗ ಎಂಜಿನ್ ನಿಂತರೆ ಏನು ಮಾಡಬೇಕೆಂಬುದನ್ನೂ ಕೇಳಿಕೊಂಡೆ. ಗಾಬರಿಯಲ್ಲಿ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆಯಬಾರದು, ಸ್ಟೀರಿಂಗಿಗೆ ಬೀಗ ಬೀಳುತ್ತದೆ. ಬ್ರೇಕನ್ನು ಒತ್ತಿ ಬಿಟ್ಟು ಮಾಡದೆ ಒಂದೇ ಸಮ ಬಲವಾಗಿ ಒತ್ತಿ ಹಿಡಿಯಬೇಕು, ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ಬರಬೇಕು. ಆ ದಿನ ನಾನು ಎರಡು ಸಲ ಬ್ರೇಕು ಬಿಟ್ಟು ಒತ್ತಿದ್ದೆ, ದೀಪ ಹಾಕಿರಲಿಲ್ಲ. ಬದುಕಿದ್ದು ಲಾರಿ ಚಾಲಕನ ಕೈಚಳಕದಿಂದ.

ಗಾಡಿ ಸರಿಹೋಯಿತು, ಮನಸ್ಸು ಸರಿಹೋಗಲಿಲ್ಲ. ಆ ತಿಂಗಳ ಪೋಷಕರ ಸಭೆಯಲ್ಲಿ ನಾಲ್ವರು ತಾಯಂದಿರನ್ನು ಸಭೆ ಮುಗಿದ ಮೇಲೆ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ, ಅಗ್ಗದ ಸ್ವಿಚ್ಚಿನ ವಿಷಯವನ್ನೂ ಬಿಡದೆ. ಮೂವರು ಸುಮ್ಮನಿದ್ದರು. ಒಬ್ಬಾಕೆ, ಗಣಿ ಕಾರ್ಮಿಕರ ಮನೆತನದವಳು, "ಹೇಳಿದ್ದಕ್ಕೆ ಸರಿ ಟೀಚರ್. ಇನ್ನು ನಿಮ್ಮ ಗಾಡಿಲಿ ನನ್ನ ಮಗಳನ್ನ ಕಳ್ಸಲ್ಲ, ಬಸ್ಸಲ್ಲಿ ಕರ್ಕೊಂಡ್ ಹೋಗಿ" ಎಂದಳು. ಬೇಸರವಾಯಿತು. ಆದರೆ ಅಪ್ಪ ಇದ್ದಿದ್ದರೆ ಆಕೆಯ ಪಕ್ಷವನ್ನೇ ವಹಿಸುತ್ತಿದ್ದರು. ಅವಳು ತನ್ನ ಬೀಗ ಹಾಕಿ ಕೈಯನ್ನು ಜೇಬಿಗೆ ಸೇರಿಸಿಕೊಂಡಿದ್ದಳು ಅಷ್ಟೆ.

2001ರ ಫೆಬ್ರುವರಿ ಕೊನೆಯಲ್ಲಿ ಗಣಿ ಮುಚ್ಚಿದಾಗ ಅಪ್ಪ ನಿವೃತ್ತರಾಗಿ ಕೆಲವು ವರ್ಷವಾಗಿತ್ತು. ಅವರು ಚಿನ್ನದ ಮಾತನ್ನೇ ಎತ್ತಲಿಲ್ಲ. ಪಂಪುಗಳ ಬಗ್ಗೆ ಕೇಳುತ್ತಿದ್ದರು. ಪಂಪು ನಿಂತರೆ ಕೆಳಗೆ ನೀರೇರುತ್ತದೆ, ಒಮ್ಮೆ ಏರಿದ ಮೇಲೆ ಮತ್ತೆ ಸ್ವಿಚ್ ಹಾಕಿ ಶುರು ಮಾಡುತ್ತೇವೆ ಎನ್ನುವ ಹಾಗಿಲ್ಲ ಎಂದರು. ಹಾಗೆಯೇ ಆಯಿತು, ಗಣಿಗಳಲ್ಲಿ ಇಂದು ನೀರು ನಿಂತಿದೆ. ಅವರು ತೀರಿಕೊಂಡ ಮೇಲೆ ಆ ಹಿತ್ತಾಳೆ ಬೀಗ ನಮ್ಮ ಮನೆಯ ಹಿಂದಿನ ಕೋಣೆಯ ಮೊಳೆಯಲ್ಲಿ ತೆರೆದೇ ನೇತಾಡುತ್ತಿತ್ತು. ಅದರ ಕೈಯನ್ನು ನೆನಪಿಗೆಂದು ನಾನು ಗೊಂಚಲಿಗೆ ಸೇರಿಸಿಕೊಂಡಿದ್ದೆ.

ಗೊಂಚಲು ಬಿಡಿಸಿದ ದಿನ ಶಾಲೆಯ ಕೈಗಳನ್ನು ಶಾಲೆಗೆ, ಮನೆಯ ಕೈಗಳನ್ನು ಮನೆಗೆ ಎಂದು ಬೇರೆ ಮಾಡಿದೆ. ಎಲ್ಲದರಲ್ಲೂ ಭಾರವಾದದ್ದು ಅಪ್ಪನ ಹಿತ್ತಾಳೆ ಕೈಯೇ ಆಗಿತ್ತು. ಓಡುವ ಕಾರಿನ ಸ್ವಿಚ್ಚನ್ನು ಅಷ್ಟು ದಿನ ಕೆಳಗೆ ಜಗ್ಗುತ್ತಿದ್ದದ್ದರಲ್ಲಿ ಅದರ ಪಾಲೂ ಇತ್ತು. ತಿಳಿದಿದ್ದರೆ ಅಪ್ಪ ಬೈಯುತ್ತಿದ್ದರು. ಅದನ್ನು ಅವರ ಬೀಗಕ್ಕೇ ಹಾಕಿ ಮೊಳೆಗೆ ತೂಗುಹಾಕಿದೆ. ಈಗ ಕಾರಿನ ಕೀಗೆ ಒಂದು ಸಣ್ಣ ದಾರ ಮಾತ್ರ ಕಟ್ಟಿದ್ದೇನೆ. ಮುಂದಿನ ವರ್ಷದ ಪ್ರತಿಭಾ ಕಾರಂಜಿಗೆ ಹುಡುಗಿಯರೂ ನಾನೂ ಬಸ್ಸಿನಲ್ಲೇ ಹೋದೆವು.